ಊಟ ಸರಿಹೋದ ಮೇಲೆ ಮಾತ್ರೆ ಅರ್ಧಕ್ಕೆ ಇಳಿಸಬಹುದಾ? (ಅಲ್ಸರೇಟಿವ್ ಕೊಲೈಟಿಸ್)

ಖಾಲಿಸ್ಟ್ರಿಪ್
ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಸುಮ್ಮನೆ ಓದಿಕೊಂಡು ಹೋಗ್ತಿದ್ದವನು, ಇವತ್ತು ಮೊದಲ ಸಲ ಬರೀತಿದ್ದೀನಿ. ವಯಸ್ಸು 34. ನಾಲ್ಕು ವರ್ಷದ ಹಿಂದೆ ಅಲ್ಸರೇಟಿವ್ ಕೊಲೈಟಿಸ್ ಅಂತ ಗೊತ್ತಾಯ್ತು, ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗೋ ರೋಗ. ನನಗಿರೋದು ಎಡಭಾಗದಲ್ಲಿ. ಉರಿಯೂತ ಇಳಿಸೋ ಮೆಸಲಮೈನ್ ದಿನಕ್ಕೆ 2.4 ಗ್ರಾಂ, ಅಂದ್ರೆ ಎರಡು ಮಾತ್ರೆ. ನಡುವೆ ಒಂದು ಸಲ ಸ್ಟೀರಾಯ್ಡ್ ಕೋರ್ಸ್ ಕೂಡ ಆಗಿದೆ.

ಮೂರೂವರೆ ತಿಂಗಳಿಂದ ಊಟ ಪೂರ್ತಿ ಬದಲಾಯಿಸಿದ್ದೀನಿ. ಪ್ಯಾಕೆಟ್ ತಿಂಡಿ, ಕರಿದದ್ದು, ಸಕ್ಕರೆ ಪಾನೀಯ, ಗೋಧಿ, ಹಾಲು, ಬೇಳೆಕಾಳು ಎಲ್ಲಾ ಬಂದ್. ದಿನಕ್ಕೆ ಆರೇಳು ಸಲ ಓಡ್ತಿದ್ದವನು ಈಗ ಒಂದೇ ಸಲ. ರಕ್ತ ಇಲ್ಲ, ಉಬ್ಬರ ಇಲ್ಲ. ಹೊಸ ಜಾಗಕ್ಕೆ ಹೋದ ಕೂಡಲೇ ಟಾಯ್ಲೆಟ್ ಎಲ್ಲಿದೆ ಅಂತ ಕಣ್ಣು ಹುಡುಕೋದೂ ನಿಂತಿದೆ.

ಈಗ ವಿಷಯ. ಎರಡು ವಾರದಿಂದ ಎರಡರ ಬದಲು ಒಂದೇ ಮಾತ್ರೆ ತಗೊಳ್ತಿದ್ದೀನಿ. ಏನೂ ವ್ಯತ್ಯಾಸ ಆಗಿಲ್ಲ. ಡಾಕ್ಟರಿಗೆ ಹೇಳಿಲ್ಲ. ಹೋದ ಸಲ ಊಟದ ಬಗ್ಗೆ ಕೇಳಿದ್ದಕ್ಕೆ ತಲೆ ಎತ್ತದೆ "ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ, ಏನ್ ಬೇಕಾದ್ರೂ ತಿನ್ನಿ" ಅಂದಿದ್ರು. ಸಂಬಂಧ ಇಲ್ಲದಿದ್ರೆ ನನಗೆ ಹೇಗೆ ವಾಸಿ ಆಯ್ತು? ಹೀಗೆ ಮಾತ್ರೆ ಇಳಿಸಿದವರು ಯಾರಾದ್ರೂ ಇದ್ದೀರಾ?

ಮೂರನೇಮಹಡಿ
ಇದ್ದೀನಿ. ಬೇಡ.

ಹುಲ್ಲುಗಾವಲು
ಶಹಬ್ಬಾಸ್! ನಾನು ಐದು ವರ್ಷದಿಂದ ಒಂದೂ ಮಾತ್ರೆ ಮುಟ್ಟಿಲ್ಲ, ಬರೀ ಆಹಾರದಲ್ಲೇ ಹೊಟ್ಟೆ ಸರಿಮಾಡಿಕೊಂಡಿದ್ದೀನಿ. ಮಾತ್ರೆ ಬರೀ ರೋಗಲಕ್ಷಣ ಮುಚ್ಚುತ್ತೆ, ಆಹಾರ ಬೇರಿಗೇ ಹೋಗುತ್ತೆ. ಧೈರ್ಯವಾಗಿ ಇನ್ನೊಂದನ್ನೂ ಬಿಡಿ.

ಮೂರನೇಮಹಡಿ
@ಹುಲ್ಲುಗಾವಲು ನಿಮ್ಮ ಕೊಲೊನೋಸ್ಕೋಪಿ ರಿಪೋರ್ಟಲ್ಲಿ ಏನಿತ್ತು ಸ್ವಾಮಿ?

ಹುಲ್ಲುಗಾವಲು
ಎಲ್ಲಾ ನಾರ್ಮಲ್ ಅಂತಲೇ ಬಂತು. ಆದ್ರೂ ವರ್ಷಗಟ್ಟಲೆ ಒದ್ದಾಡಿದ್ದೀನಿ.

ಮೂರನೇಮಹಡಿ
ಒದ್ದಾಡಿದ್ದು ನಿಜ ಇರಬಹುದು, ಅಲ್ಲ ಅನ್ನಲ್ಲ. ಆದ್ರೆ ನಿಮಗೆ ಇದ್ದದ್ದು ಐಬಿಎಸ್ ಇರಬೇಕು, ಇವರಿಗೆ ಇರೋದು ಐಬಿಡಿ. ಒಂದಕ್ಷರದ ವ್ಯತ್ಯಾಸ, ರೋಗವೇ ಬೇರೆ. ಐಬಿಎಸ್‌ನಲ್ಲಿ ಕರುಳು ಮುನಿಸಿಕೊಂಡಿರುತ್ತೆ, ಒಳಗೆ ಗಾಯ ಇರಲ್ಲ. ಐಬಿಡಿಯಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಕರುಳಿನ ಒಳಪದರವನ್ನ ಸುಡ್ತಾ ಇರುತ್ತೆ. ನಿಮ್ಮ ಅನುಭವ ಇಟ್ಟುಕೊಂಡು ಅವರ ಮಾತ್ರೆ ಬಿಡಿಸಬೇಡಿ.

ಲೆಕ್ಕದಮೇಷ್ಟ್ರು
ಪ್ರಶ್ನೆ ಕೇಳಿದವರಿಗೆ: "ವ್ಯತ್ಯಾಸ ಆಗಿಲ್ಲ" ಅಂತ ಯಾವುದರಲ್ಲಿ ಅಳೆದ್ರಿ? ಕಮೋಡಿನಲ್ಲಿ ನೋಡಿ ಅಳೆಯೋದಾದ್ರೆ ಎರಡು ವಾರ ಏನೇನೂ ಸಾಲದು. ಮೆಸಲಮೈನ್ ಕಡಿಮೆ ಮಾಡಿದ ಮರುದಿನ ಯಾರಿಗೂ ಏನೂ ಆಗಲ್ಲ. ಮೋಸ ಇರೋದೇ ಅಲ್ಲಿ. 2003ರಲ್ಲಿ ಒಂದು ಅಧ್ಯಯನ ಬಂತು, ರೋಗ ಶಾಂತವಾಗಿದ್ದ 99 ಕೊಲೈಟಿಸ್ ರೋಗಿಗಳನ್ನ ಗಮನಿಸಿದ್ದು. ಮೆಸಲಮೈನ್ ಸರಿಯಾಗಿ ತಗೊಳ್ಳದೇ ಇದ್ದವರಲ್ಲಿ ರೋಗ ಮರುಕಳಿಸೋ ಅಪಾಯ ಐದು ಪಟ್ಟಿಗಿಂತ ಜಾಸ್ತಿ. ಅವರೂ ನಿಮ್ಮ ಹಾಗೇ ಆರಾಮಾಗಿದ್ದವರೇ.

ಊಟ ಗೀಟ ಎಲ್ಲಾ ಮನಸ್ಸಿನ ಸಮಾಧಾನ. ನಿಮ್ಮ ಡಾಕ್ಟರ್ ಹೇಳಿದ್ದು ಸರಿಯೇ ಇದೆ.

ಅಮ್ಮನಪಾಳಿ
ಮೇಷ್ಟ್ರೇ, ಮೊದಲ ಪ್ಯಾರಾಕ್ಕೆ ನಮಸ್ಕಾರ, ಕೊನೇ ಸಾಲಿಗೆ ಜಗಳ.

ನನ್ನ ಮಗನಿಗೆ 12 ವರ್ಷಕ್ಕೆ ಕ್ರೋನ್ಸ್ ಅಂತ ಗೊತ್ತಾಯ್ತು, ಐಬಿಡಿಯಲ್ಲೇ ಇನ್ನೊಂದು ಬಗೆ. ತೂಕ ಏರ್ತಿರಲಿಲ್ಲ, ಎತ್ತರ ನಿಂತೇ ಹೋಗಿತ್ತು. ಡಾಕ್ಟರ್ ಮೊದಲು ಬರೆದದ್ದು ಸ್ಟೀರಾಯ್ಡ್ ಅಲ್ಲ, ಊಟ! ಎಂಟು ವಾರ ಬರೀ ಪೌಷ್ಟಿಕ ದ್ರವ, ಬೇರೆ ಒಂದು ತುತ್ತೂ ಇಲ್ಲ. ಎಕ್ಸ್‌ಕ್ಲೂಸಿವ್ ಎಂಟರಲ್ ನ್ಯೂಟ್ರಿಶನ್ ಅಂತಾರೆ. ಮಕ್ಕಳ ಕ್ರೋನ್ಸ್‌ನಲ್ಲಿ ಉರಿಯೂತ ಇಳಿಸೋಕೆ ಇದೇ ಮೊದಲ ಆಯ್ಕೆ, ಸ್ಟೀರಾಯ್ಡಿಗೆ ಸಮ ಅಂತ ಮಾರ್ಗಸೂಚಿಗಳಲ್ಲೇ ಇದೆ. ಮೇಲಾಗಿ ಬೆಳವಣಿಗೆಗೆ ಸ್ಟೀರಾಯ್ಡ್ ಮಾಡೋ ಪೆಟ್ಟು ಇದರಲ್ಲಿಲ್ಲ. ಹಾಗಾಗಿ "ಸಂಬಂಧ ಇಲ್ಲ" ಅನ್ನೋ ಮಾತು ಸುಳ್ಳು.

ಸುಲಭ ಅಂತ ಮಾತ್ರ ಯಾರೂ ಅಂದ್ಕೋಬೇಡಿ. ಆ ಎಂಟು ವಾರ ನಾವು ಮೂವರು ಅಡುಗೆಮನೆ ಬಾಗಿಲು ಹಾಕಿಕೊಂಡು, ಕಳ್ಳರ ಥರ ನಿಂತುಕೊಂಡು ತಿಂದಿದ್ದೀವಿ. ಮೂರನೇ ವಾರ ಒಂದು ರಾತ್ರಿ ಮಗ ಬಂದು "ಅಮ್ಮಾ, ತಿನ್ನಲ್ಲ, ಬ್ರೆಡ್ ಒಂದು ಸಲ ಮೂಸಿ ನೋಡ್ಲಾ?" ಅಂದ. ಟೋಸ್ಟ್ ಮಾಡಿ ಕೈಗೆ ಕೊಟ್ಟೆ. ಎರಡೂ ಕಡೆ ಮೂಸಿ, ವಾಪಸ್ ತಟ್ಟೆಯಲ್ಲಿಟ್ಟು ಮಲಗೋಕೆ ಹೋದ. ಆ ಟೋಸ್ಟನ್ನ ನಾನೂ ತಿನ್ನಲಿಲ್ಲ.

ಈಗ ಕೇಳಿ. ಎಂಟು ವಾರ ಆದ ಮೇಲೆ ರೋಗ ಶಾಂತ ಆಯ್ತು. ಆದ್ರೂ ಅದೇ ಸಮಯಕ್ಕೆ ಅಜಥಿಯೋಪ್ರಿನ್ (ರೋಗನಿರೋಧಕ ವ್ಯವಸ್ಥೆಯನ್ನ ತಗ್ಗಿಸೋ ಮಾತ್ರೆ) ಶುರು ಮಾಡಿದ್ರು, ಅದು ಕೆಲಸ ಹಿಡಿಯೋಕೆ ಎರಡು ಮೂರು ತಿಂಗಳು ಬೇಕು ಅಂತ. ಬೆಂಕಿ ಆರಿಸಿದ್ದು ಊಟ, ಮತ್ತೆ ಹತ್ತದ ಹಾಗೆ ಕಾಯ್ತಿರೋದು ಮಾತ್ರೆ. ಎರಡರಲ್ಲಿ ಯಾವುದನ್ನೂ ನಾನು ಬಿಡಿಸಲ್ಲ.

ಲೆಕ್ಕದಮೇಷ್ಟ್ರು
@ಅಮ್ಮನಪಾಳಿ ತಪ್ಪಾಯ್ತು ಅಕ್ಕ, ಕೊನೇ ಸಾಲು ವಾಪಸ್. ಆದ್ರೆ ಅದು ಕ್ರೋನ್ಸ್‌ಗೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದ್ರವಾಹಾರದಿಂದ ಅಂಥ ಫಲ ಸಾಬೀತಾಗಿಲ್ಲ. ಎರಡನ್ನೂ ಒಂದೇ ಗಂಟಿಗೆ ಕಟ್ಟಬಾರದು.

ಅಮ್ಮನಪಾಳಿ
ಒಪ್ಪಿದೆ.

ಹಳದಿಚುಕ್ಕೆ
ಅರಿಶಿನ ಯಾರೂ ಹೇಳಲೇ ಇಲ್ವಲ್ಲ? ಅದರಲ್ಲಿರೋ ಕರ್ಕ್ಯುಮಿನ್ ಕೊಲೈಟಿಸ್‌ಗೆ ಕೆಲಸ ಮಾಡುತ್ತೆ ಅಂತ ಅಧ್ಯಯನವೇ ಇದೆ.

ಬಿಳಿಕೋಟು
ಇದೆ. ನಾನು ಆಸ್ಪತ್ರೆ ಫಾರ್ಮಸಿಯಲ್ಲಿ ಕೆಲಸ ಮಾಡೋನು, ಅದನ್ನ ಹಿಡಿದುಕೊಂಡು ವಾರಕ್ಕೊಬ್ಬರು ಬರ್ತಾರೆ. 2015ರಲ್ಲಿ ಬಂದ ಪ್ರಯೋಗ, 50 ಜನ, ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್. ಒಂದು ತಿಂಗಳಲ್ಲಿ ಕರ್ಕ್ಯುಮಿನ್ ಗುಂಪಿನ 26 ಜನರಲ್ಲಿ 14 ಮಂದಿಗೆ ರೋಗ ಹತೋಟಿಗೆ ಬಂತು, ಇನ್ನೊಂದು ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಸಣ್ಣ ಪ್ರಯೋಗ, ಆದ್ರೆ ತಳ್ಳಿಹಾಕೋ ಹಾಗಿಲ್ಲ.

ಆದ್ರೆ ಜನ ಓದದೇ ಬಿಡೋ ಸಾಲು ಒಂದಿದೆ. ಆ 50 ಜನರೂ ಮೆಸಲಮೈನ್ ಪೂರ್ತಿ ಡೋಸಿನಲ್ಲಿ ತಗೊಳ್ತಾನೇ ಇದ್ರು. ಕರ್ಕ್ಯುಮಿನ್ ಅದರ ಜೊತೆಗೆ ಕೊಟ್ಟದ್ದು, ಬದಲಿಗೆ ಅಲ್ಲ.

ಇನ್ನೊಂದು, ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಮೂರರ ಆಸುಪಾಸು. 3 ಗ್ರಾಂ ಬೇಕು ಅಂದ್ರೆ ದಿನಾ 100 ಗ್ರಾಂ ಪುಡಿ ತಿನ್ನಬೇಕು. ಕ್ಯಾಪ್ಸೂಲ್ ತಗೊಳ್ತೀನಿ ಅಂದ್ರೂ ಡಾಕ್ಟರಿಗೆ ಹೇಳಿ ತಗೊಳ್ಳಿ. ಕರಿಮೆಣಸಿನ ಸತ್ವ ಸೇರಿಸಿ ಹೀರಿಕೆ ಹೆಚ್ಚಿಸಿದ ಕ್ಯಾಪ್ಸೂಲ್‌ಗಳಿಂದ ಲಿವರ್ ಕೆಟ್ಟ ಪ್ರಕರಣಗಳು ವರದಿ ಆಗಿವೆ.

ಹಳದಿಚುಕ್ಕೆ
100 ಗ್ರಾಂ! ನಾನು ಒಂದು ಚಮಚ ಹಾಲಿಗೆ ಹಾಕಿಕೊಂಡು ಕುಡೀತಿದ್ದೆ 😐

ಬಿಳಿಕೋಟು
ಕುಡೀರಿ, ತೊಂದರೆ ಇಲ್ಲ. ಔಷಧಿ ಅಂದ್ಕೋಬೇಡಿ ಅಷ್ಟೇ.

ಇಲ್ಲೇ ಇದ್ದಾಗ ಹೇಳಿಬಿಡ್ತೀನಿ, ಊಟ ಮತ್ತು ಮಾತ್ರೆ ಅಂದ ಕೂಡಲೇ ಎಲ್ಲರೂ "ಏನು ತಿಂದ್ರೆ ರೋಗ ಹೋಗುತ್ತೆ" ಅಂತಲೇ ಕೇಳ್ತಾರೆ. ಮಾತ್ರೆ ಏನನ್ನ ಕಿತ್ತುಕೊಳ್ಳುತ್ತೆ ಅಂತ ಕೇಳೋರು ಕಡಿಮೆ. ಐಬಿಡಿಗೆ ಕೊಡೋ ಸಲ್ಫಾಸಲಜಿನ್ ಮಾತ್ರೆ ಫೋಲೇಟ್ ಹೀರಿಕೆಗೆ ಅಡ್ಡ ಬರುತ್ತೆ, ಫೋಲಿಕ್ ಆಸಿಡ್ ಜೊತೆಗಿರಬೇಕು. ಮೆಥೋಟ್ರೆಕ್ಸೇಟ್‌ಗೂ ಅಷ್ಟೇ, ಮತ್ತೆ ಅದು ವಾರಕ್ಕೆ ಒಂದೇ ಸಲ, ದಿನಾ ನುಂಗಿ ಐಸಿಯು ಸೇರಿದವರಿದ್ದಾರೆ. ಸ್ಟೀರಾಯ್ಡ್ ಮೂಳೆ ತಿನ್ನುತ್ತೆ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬೇಕೇ ಬೇಕು. ಅಂಥ ಹೊತ್ತಲ್ಲಿ ಯಾರೂ ಹೇಳದೆ ಹಾಲು ಪೂರ್ತಿ ಬಿಡೋರನ್ನ ನೋಡಿದ್ರೆ ನನಗೆ ತಲೆ ಕೆಡುತ್ತೆ. ಸಣ್ಣ ಕರುಳಿನ ಕೊನೇ ಭಾಗ ಆಪರೇಷನ್‌ನಲ್ಲಿ ತೆಗೆದಿದ್ರೆ ಬಿ12 ಪರೀಕ್ಷೆ ಮಾಡಿಸ್ತಾ ಇರಿ. ಬ್ಯುಡೆಸೊನೈಡ್ ಅನ್ನೋ ಸ್ಟೀರಾಯ್ಡ್ ತಗೊಳ್ಳೋರು ದ್ರಾಕ್ಷಿಹಣ್ಣಲ್ಲ, ಗ್ರೇಪ್‌ಫ್ರೂಟ್ ಮುಟ್ಟಬಾರದು. ಹೆಸರು ನೋಡಿ ದ್ರಾಕ್ಷಿ ಬಿಟ್ಟು ಕೂತವರೂ ಇದ್ದಾರೆ.

ಕಿತ್ತಳೆಮೂತ್ರ
ಸಲ್ಫಾಸಲಜಿನ್ ಹೆಸರು ಕೇಳಿ ಓಡಿ ಬಂದೆ. ಮೂತ್ರದ ಬಣ್ಣವೇ ಬದಲಾಯಿಸಿಬಿಡುತ್ತೆ ಅದು. ನನ್ನ ಹೆಸರಿನ ಕಾರಣ ಈಗ ಎಲ್ಲರಿಗೂ ಗೊತ್ತಾಗಿರಬೇಕು.

ಮೂರನೇಮಹಡಿ
😂 ಮೊದಲ ದಿನ ನಾನೂ ಕಿಡ್ನಿ ಹೋಯ್ತು ಅಂದ್ಕೊಂಡಿದ್ದೆ.

ಹಳೇಗಾಯ
ನಾರಿನಂಶದ ವಿಷಯ ಬಂದಿಲ್ಲ. "ತರಕಾರಿ ಹಣ್ಣು ಜಾಸ್ತಿ ತಿನ್ನಿ" ಅಂತ ಎಲ್ಲಾ ಕಡೆ ಬರೀತಾರಲ್ಲ, ಅದು ಎಲ್ಲರಿಗೂ ಅಲ್ಲ. ನನಗೆ ಕ್ರೋನ್ಸ್, ಸಣ್ಣ ಕರುಳಿನ ತುದಿಯಲ್ಲಿ ಹಳೇ ಗಾಯದ ಕಲೆಯಿಂದ ಜಾಗ ಕಿರಿದಾಗಿದೆ. ಸ್ಟ್ರಿಕ್ಚರ್. ಆರೋಗ್ಯಕ್ಕೆ ಒಳ್ಳೇದು ಅಂತ ಒಂದು ಸಂಜೆ ಬಟ್ಟಲು ತುಂಬ ಪಾಪ್‌ಕಾರ್ನ್, ಮೇಲೊಂದು ಸೇಬು ಸಿಪ್ಪೆ ಸಮೇತ ತಿಂದೆ. ರಾತ್ರಿ ಎರಡಕ್ಕೆ ನೋವು ಅಲೆ ಅಲೆಯಾಗಿ ಶುರುವಾಯ್ತು. ಹೊಟ್ಟೆ ಡೋಲಿನ ಥರ ಬಿಗಿದು, ಗಾಳಿಯೂ ಹೋಗದೆ, ವಾಂತಿ ಹಸಿರಾಗಿ ಬಂತು. ಮೂರು ದಿನ ಮೂಗಿನಲ್ಲಿ ಟ್ಯೂಬು.

ಸ್ಟ್ರಿಕ್ಚರ್ ಇರೋರು ಸಿಪ್ಪೆ, ಬೀಜ, ದಂಟಿನ ನಾರು, ಇಡೀ ಕಾಳುಗಳ ವಿಷಯದಲ್ಲಿ ಹುಷಾರು. ತರಕಾರಿ ಬಿಡಬೇಕಿಲ್ಲ, ಸಿಪ್ಪೆ ತೆಗೆದು ಮೆತ್ತಗೆ ಬೇಯಿಸಿ, ಸೋಸಿ ತಿನ್ನಿ. ಸ್ಟ್ರಿಕ್ಚರ್ ಇಲ್ಲದವರು ನನ್ನ ಕಥೆ ಕೇಳಿ ನಾರಿಗೆ ಹೆದರಬೇಡಿ.

ದಿನಚರಿಪುಟ
ಯಾರೋ ಕೇಳೋದಕ್ಕೆ ಮುಂಚೆ ಹೇಳ್ತೀನಿ, ಇಂಥದ್ದೇ ಡಯಟ್ ಶ್ರೇಷ್ಠ ಅನ್ನೋ ಜಗಳ ಶುರು ಮಾಡಬೇಡಿ. 2021ರಲ್ಲಿ ಕ್ರೋನ್ಸ್ ಇದ್ದ 194 ಜನರ ಮೇಲೆ ಸ್ಪೆಸಿಫಿಕ್ ಕಾರ್ಬೊಹೈಡ್ರೇಟ್ ಡಯಟ್ಟನ್ನೂ ಮೆಡಿಟರೇನಿಯನ್ ಡಯಟ್ಟನ್ನೂ ಮುಖಾಮುಖಿ ನಿಲ್ಲಿಸಿದ್ರು. ಆರು ವಾರಕ್ಕೆ ಲಕ್ಷಣಗಳು ಶಾಂತವಾದವರು ಮೊದಲನೇದರಲ್ಲಿ ಶೇ. 46.5, ಎರಡನೇದರಲ್ಲಿ ಶೇ. 43.5. ಹೆಚ್ಚು ಕಡಿಮೆ ಒಂದೇ. ಒಂದರಲ್ಲಿ ಧಾನ್ಯವೆಲ್ಲಾ ಬಂದ್, ಇನ್ನೊಂದರಲ್ಲಿ ಮನುಷ್ಯರ ಥರ ತಿನ್ನಬಹುದು. ಆಯ್ಕೆ ನಿಮ್ಮದು.

ಲೋ ಫಾಡ್‌ಮ್ಯಾಪ್ ಅಂತ ಇನ್ನೊಂದಿದೆ, ಕರುಳಲ್ಲಿ ಹುಳಿತು ಗ್ಯಾಸ್ ಮಾಡೋ ಪದಾರ್ಥಗಳನ್ನ ಬಿಡೋದು. ಉಬ್ಬರ, ಗ್ಯಾಸ್, ಲೂಸ್ ಮೋಷನ್ ಚೆನ್ನಾಗಿ ಇಳಿಯುತ್ತೆ. ಒಳಗಿನ ಉರಿಯೂತ ಇಳಿಯುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಪ್ರಶ್ನೆ ಕೇಳಿದವರ ಪಟ್ಟಿ ನೋಡಿದ್ರೆ (ಗೋಧಿ, ಹಾಲು, ಬೇಳೆಕಾಳು) ಅವರಿಗೆ ಗೊತ್ತಿಲ್ಲದೇ ಅರ್ಧ ಅದನ್ನೇ ಮಾಡಿದ್ದಾರೆ. ಆರಾಮ ಅನಿಸ್ತಿರೋದು ಅದರಿಂದಲೂ ಇರಬಹುದು.

ಅದಿರಲಿ, ತೂಕ ಎಷ್ಟು ಇಳಿದಿದೆ ನಿಮ್ಮದು?

ಖಾಲಿಸ್ಟ್ರಿಪ್
ಇಷ್ಟೊಂದು ಉತ್ತರ ನಿರೀಕ್ಷಿಸಿರಲಿಲ್ಲ, ಧನ್ಯವಾದ. ತೂಕ 7 ಕೆಜಿ ಇಳಿದಿದೆ. ಒಳ್ಳೇದೇ ಆಯ್ತು ಅಂದ್ಕೊಂಡಿದ್ದೆ.

ದಿನಚರಿಪುಟ
ಮೊದಲು ದಪ್ಪ ಇದ್ರಾ?

ಖಾಲಿಸ್ಟ್ರಿಪ್
ಇಲ್ಲ. 61 ಇತ್ತು.

ದಿನಚರಿಪುಟ
ಅಂದ್ರೆ ಈಗ 54. ಅಣ್ಣಾ, ಇದು ಡಯಟ್ ಗೆದ್ದದ್ದಲ್ಲ. ಹೊಟ್ಟೆಗೆ ಹೋಗೋದೇ ಕಡಿಮೆಯಾದ್ರೆ ಹೊರಗೆ ಬರೋದೂ ಕಡಿಮೆಯಾಗುತ್ತೆ. ಕರುಳು ಗಾಯ ಮಾಯಿಸೋಕೆ ಪ್ರೋಟೀನ್ ಬೇಕು, ಬೇಳೆ ಹಾಲು ಎರಡೂ ಬಿಟ್ಟು ಏನು ತಿಂತಿದ್ದೀರಿ? ಮೊಟ್ಟೆ, ಮೀನು?

ಖಾಲಿಸ್ಟ್ರಿಪ್
ದಿನಕ್ಕೊಂದು ಮೊಟ್ಟೆ. ಮೀನು ಇಷ್ಟ ಆಗಲ್ಲ. ಉಳಿದದ್ದು ಅನ್ನ, ಕ್ಯಾರೆಟ್, ಬಾಳೆಹಣ್ಣು, ಆಲೂಗಡ್ಡೆ.

ಅಮ್ಮನಪಾಳಿ
ಅಯ್ಯೋ ದೇವರೇ.

ಮೂರನೇಮಹಡಿ
ನನ್ನ "ಬೇಡ"ದ ಹಿಂದಿನ ಕಥೆ ಈಗ ಹೇಳ್ತೀನಿ. ನಿಮ್ಮ ಹಾಗೇ ಊಟ ಕಟ್ಟುನಿಟ್ಟು ಮಾಡಿ, ಮಾತ್ರೆ ಮೊದಲು ಅರ್ಧ, ಆಮೇಲೆ ಸೊನ್ನೆ. ಐದು ತಿಂಗಳು ರಾಜನ ಹಾಗಿದ್ದೆ. ಇಲ್ಲೇ ಬಂದು ಎಲ್ಲರಿಗೂ ಉಪದೇಶ ಬೇರೆ ಮಾಡಿದ್ದೆ, ಹಳಬರಿಗೆ ನೆನಪಿರಬಹುದು. ಆರನೇ ತಿಂಗಳು ಒಂದು ಬೆಳಿಗ್ಗೆ ಬರೀ ರಕ್ತ. ಕೊಲೊನೋಸ್ಕೋಪಿ ಮಾಡಿದ್ರೆ ಮೊದಲು ಎಡಭಾಗದಲ್ಲಿ ಮಾತ್ರ ಇದ್ದದ್ದು ಇಡೀ ದೊಡ್ಡ ಕರುಳಿಗೆ ಹಬ್ಬಿತ್ತು. ಈಗ ಎಂಟು ವಾರಕ್ಕೊಮ್ಮೆ ಇನ್‌ಫ್ಲಿಕ್ಸಿಮ್ಯಾಬ್ ಅನ್ನೋ ಔಷಧಿಯನ್ನ ಡ್ರಿಪ್‌ನಲ್ಲಿ ಹಾಕಿಸಿಕೊಳ್ತೀನಿ. ಮಾತ್ರೆ ನಿಲ್ಲಿಸದೇ ಇದ್ದಿದ್ರೂ ಹಬ್ಬಬಹುದಿತ್ತೋ ಏನೋ, ಯಾರಿಗೆ ಗೊತ್ತು. ಆದ್ರೆ ರಾತ್ರಿ ನಿದ್ದೆ ಬರದಾಗ ಆ ಲೆಕ್ಕ ನಾನೇ ಹಾಕ್ತಿರ್ತೀನಿ.

ಊಟ ಈಗಲೂ ಬಿಟ್ಟಿಲ್ಲ ನಾನು. ಆರಾಮಿರೋದ್ರಲ್ಲಿ ಅದರ ಪಾಲೂ ಇದೆ. ಮಾತ್ರೆಯ ಜಾಗದಲ್ಲಿ ಕೂರಿಸಿದ್ದು ತಪ್ಪು.

ಲೆಕ್ಕದಮೇಷ್ಟ್ರು
@ಖಾಲಿಸ್ಟ್ರಿಪ್ ಇಷ್ಟು ಮಾಡಿ. ಎರಡನೇ ಮಾತ್ರೆ ಇವತ್ತೇ ವಾಪಸ್ ಶುರು ಮಾಡಿ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ. ಒಳಗೆ ಉರಿ ಇದ್ರೆ ಬಿಳಿ ರಕ್ತಕಣಗಳಿಂದ ಆ ಪ್ರೋಟೀನ್ ಸೋರಿ ಮಲದಲ್ಲಿ ಸಿಗುತ್ತೆ. ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ರೆ ನೆಮ್ಮದಿ, 250 ದಾಟಿದ್ರೆ ಸಾಮಾನ್ಯವಾಗಿ ಒಳಗೆ ಉರಿಯೂತ ನಡೀತಿದೆ ಅಂತ ಅರ್ಥ. ಡಾಕ್ಟರಿಗೆ ಮಾತ್ರೆ ಇಳಿಸಿದ್ದನ್ನ ಮುಚ್ಚಿಡಬೇಡಿ. ಪರೀಕ್ಷೆಗಳು ಸರಿ ಬಂದ್ರೆ ಡೋಸ್ ಇಳಿಸೋ ಡಾಕ್ಟರುಗಳೂ ಇದ್ದಾರೆ, ಅದೇನು ಮಹಾಪಾಪ ಅಲ್ಲ. ಕಣ್ಣು ಮುಚ್ಚಿ ಇಳಿಸೋದು ಮಾತ್ರ ಬೇಡ.

ಹುಲ್ಲುಗಾವಲು
ಎಲ್ಲರೂ ಸೇರಿ ಹೆದರಿಸ್ತಿದ್ದೀರಿ. ಅವರ ದೇಹ ಅವರಿಗೇ ಗೊತ್ತಿರುತ್ತೆ.

ಹಳೇಗಾಯ
ನನ್ನ ದೇಹ ಪಾಪ್‌ಕಾರ್ನ್ ಚೆನ್ನಾಗಿದೆ ಅಂತಲೇ ಹೇಳಿತ್ತು.

ಹೊಗೆಬಂಡಿ
ವಿಷಯಾಂತರ ಆದ್ರೆ ಕ್ಷಮಿಸಿ. ಸಿಗರೇಟ್ ಬಿಟ್ಟ ಮೇಲೇ ನನಗೆ ಕೊಲೈಟಿಸ್ ಶುರುವಾಯ್ತು. ಮತ್ತೆ ಹಚ್ಚಿಕೊಂಡ್ರೆ ಸರಿಹೋಗುತ್ತೆ ಅಂತ ಒಬ್ಬ ಸ್ನೇಹಿತ ಹೇಳ್ತಿದ್ದಾನೆ. ತಮಾಷೆ ಮಾಡ್ತಿದ್ದಾನಾ?

ಬಿಳಿಕೋಟು
ಪೂರ್ತಿ ತಮಾಷೆ ಅಲ್ಲ, ಅದೇ ಬೇಜಾರು. ಕೊಲೈಟಿಸ್‌ನಲ್ಲಿ ಸಿಗರೇಟ್ ಬಿಟ್ಟವರಿಗೆ ರೋಗ ಶುರುವಾಗೋದು, ಕೆರಳೋದು ಹಳೇ ಸಂಗತಿ. ಕ್ರೋನ್ಸ್‌ನಲ್ಲಿ ಪೂರ್ತಿ ಉಲ್ಟಾ, ಸೇದಿದ್ರೆ ರೋಗ ಹೆಚ್ಚುತ್ತೆ. ಆದ್ರೂ ಯಾವ ಡಾಕ್ಟರೂ ಸಿಗರೇಟ್ ಬರೆದುಕೊಡಲ್ಲ. ಕರುಳು ಉಳಿಸೋಕೆ ಹೋಗಿ ಶ್ವಾಸಕೋಶ, ಹೃದಯ ಅಡ ಇಡೋದು ಯಾವ ವ್ಯಾಪಾರ? ಸ್ನೇಹಿತನನ್ನ ಬದಲಾಯಿಸಿ.

ಖಾಲಿಸ್ಟ್ರಿಪ್
(ಹನ್ನೆರಡು ದಿನ ಆದ ಮೇಲೆ) ರಿಪೋರ್ಟ್ ಬಂತು. ಕ್ಯಾಲ್‌ಪ್ರೊಟೆಕ್ಟಿನ್ 412.

ಮೊಬೈಲ್ ಹಿಡಿದು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಹೊಟ್ಟೆ ಇವತ್ತೂ ಆರಾಮಾಗೇ ಇದೆ, ಅದೇ ಅರ್ಥ ಆಗ್ತಿಲ್ಲ.

ಬಿಳಿಕೋಟು
ಪರೀಕ್ಷೆಗೆ ಮುಂಚೆ ನೋವಿನ ಮಾತ್ರೆ ಏನಾದ್ರೂ ತಗೊಂಡಿದ್ರಾ?

ಖಾಲಿಸ್ಟ್ರಿಪ್
ಹಲ್ಲುನೋವಿಗೆ ಐಬುಪ್ರೊಫೆನ್, ನಾಲ್ಕು ದಿನ. ಯಾಕೆ?

ಬಿಳಿಕೋಟು
ಅದರಿಂದಲೂ ಆ ಅಂಕಿ ಏರಬಹುದು. ಅಲ್ಲದೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಂಪಿನ ಮಾತ್ರೆಗಳು ಐಬಿಡಿಯನ್ನೇ ಕೆರಳಿಸಬಹುದು. ಮುಂದೆ ಹಲ್ಲಿನ ಡಾಕ್ಟರಿಗೆ ಕೊಲೈಟಿಸ್ ಇದೆ ಅಂತ ಮೊದಲೇ ಹೇಳಿ, ಪ್ಯಾರಾಸಿಟಮಾಲ್ ಕೇಳಿ.

ಹುಲ್ಲುಗಾವಲು
ನೋಡಿದ್ರಾ! ಏರಿಸಿದ್ದು ಮಾತ್ರೆಯೇ!

ಲೆಕ್ಕದಮೇಷ್ಟ್ರು
ಏರಿಸಿ"ರಬಹುದು". ಮೆಸಲಮೈನ್ ಅರ್ಧ ಮಾಡಿದ್ದೂ ಇರಬಹುದು, ಎರಡೂ ಇರಬಹುದು. ಒಂದು ಅಂಕಿಯಿಂದ ತೀರ್ಪು ಬರೆಯೋಕಾಗಲ್ಲ, ನಿಮ್ಮ ಕಡೆಗೂ ಇಲ್ಲ, ನನ್ನ ಕಡೆಗೂ ಇಲ್ಲ. ಡಾಕ್ಟರ್ ಏನಂದ್ರು?

ಖಾಲಿಸ್ಟ್ರಿಪ್
ಬೇರೆ ಡಾಕ್ಟರ್ ಹತ್ರ ಹೋದೆ. ಎಲ್ಲಾ ಹೇಳಿದೆ, ಬೈಸಿಕೊಳ್ಳೋಕೆ ತಯಾರಾಗಿದ್ದೆ, ಬೈಯಲಿಲ್ಲ. ಊಟ ಬರೆದಿಟ್ಟ ಪುಸ್ತಕ ತಗೊಂಡು ಒಂದೊಂದೇ ಪುಟ ತಿರುವಿ ನೋಡಿದ್ರು. 2.4 ಗ್ರಾಂ ಪೂರ್ತಿ, ಜೊತೆಗೆ ರಾತ್ರಿ ಮೆಸಲಮೈನ್ ಎನಿಮಾ. ಎಡಭಾಗದ ರೋಗಕ್ಕೆ ಬಾಯಿಂದ ಒಂದು, ಕೆಳಗಿನಿಂದ ಒಂದು ಕೊಟ್ರೆ ಒಂದೇ ಕೊಡೋದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಂತೆ. ಎಂಟು ವಾರ ಬಿಟ್ಟು ಮತ್ತೆ ಪರೀಕ್ಷೆ, ನೋವಿನ ಮಾತ್ರೆ ಇಲ್ಲದೆ. ಡಯಟೀಶಿಯನ್ ಹತ್ರ ಕಳಿಸಿದ್ರು. ಅವರು ಪ್ಯಾಕೆಟ್ ತಿಂಡಿ, ಸಕ್ಕರೆ ಪಾನೀಯ ಬಿಟ್ಟದ್ದು ಹಾಗೇ ಮುಂದುವರಿಸಿ ಅಂದ್ರು. ಉಳಿದದ್ದು ಒಂದೊಂದಾಗಿ ವಾಪಸ್ ತರಬೇಕು, ಒಂದಕ್ಕೆ ಮೂರು ದಿನ. ಮೊದಲು ಗೋಧಿ.

ಮೂರನೇಮಹಡಿ
ಎನಿಮಾಗೆ ಒಂದು ಮಾತು: ಎಡಮಗ್ಗುಲಾಗಿ ಮಲಗಿ, ಹಳೇ ಟವೆಲ್ ಹಾಸಿಕೊಳ್ಳಿ. ಒಳ್ಳೇ ಬೆಡ್‌ಶೀಟ್ ಹಾಸಿ ಕಳಕೊಂಡವನ ಮಾತು ಇದು.

ಅಮ್ಮನಪಾಳಿ
ಗೋಧಿ ಶುರು ಮಾಡಿದ್ರಾ?

ಖಾಲಿಸ್ಟ್ರಿಪ್
ನಿನ್ನೆ ಬೆಳಿಗ್ಗೆ ಎರಡು ಹೋಳು ಬ್ರೆಡ್. ಮೊದಲ ತುತ್ತಿಗೆ ಕೈ ನಡುಗ್ತಿತ್ತು, ನಗಬೇಡಿ. 30 ಗಂಟೆ ಆಯ್ತು, ಏನೂ ಆಗಿಲ್ಲ.

ಅಮ್ಮನಪಾಳಿ
ಟೋಸ್ಟ್ ಮಾಡಿಕೊಂಡ್ರಾ?

ಖಾಲಿಸ್ಟ್ರಿಪ್
ಎರಡೂ ಕಡೆ ಕೆಂಪಗೆ. ತಿನ್ನೋಕೆ ಮುಂಚೆ ಒಂದು ಸಲ ಮೂಸಿದೆ, ನಿಮ್ಮ ಮಗ ನೆನಪಾದ.